ಹೊಯ್ಗೆ ಗಾಡಿ ಸ್ಟಾರ್ಟ್ ಆಗದೆ ಕೂತ ಮಳೆಗಾಲ

ಕೀಲಿ ತಿರುಗಿಸಿದರೆ ದೀಪ ಹತ್ತುತ್ತಿತ್ತು. ಹಾರ್ನ್ ಒತ್ತಿದರೆ ಕೂಗುತ್ತಿತ್ತು. ಸೆಲ್ಫ್ ಬಟನ್ ಒತ್ತಿದರೆ ಮಾತ್ರ ಸೀಟಿನ ಕೆಳಗೆಲ್ಲೋ ಟಕ್ ಅಂತ ಒಂದು ಸದ್ದು, ಅಷ್ಟೇ. ಮತ್ತೆ ಒತ್ತಿದರೆ ಮತ್ತೆ ಟಕ್. ಆ ಮಳೆಗಾಲದಲ್ಲಿ ಮಳೆಯ ಸದ್ದಿಗಿಂತ ಅದನ್ನೇ ಹೆಚ್ಚು ಕೇಳಿದೆ ಅನ್ನಿಸುತ್ತದೆ ನನಗೆ.

ಮಕ್ಕಳೇ, ನೀವು ರಜೆಗೆ ಬಂದಾಗಲೆಲ್ಲ ಹತ್ತಿ ಕೂರುವ ಆ ಕೆಂಪು ಗಾಡಿಯ ವಿಷಯ ಇದು. ಅದು ಒಮ್ಮೆ ಕೆಟ್ಟು ಕೂತಿತ್ತಂತೆ, ಹೇಗೆ ಸರಿಯಾಯ್ತು ಹೇಳು ಅಂತ ನೀವು ಕೇಳಿದಿರಿ. ಬಾಯಲ್ಲಿ ಹೇಳಲಿಕ್ಕೆ ನನಗೆ ಬರುವುದಿಲ್ಲ. ನಾಲ್ಕು ಮಂದಿ ಮುಖ ನೋಡುತ್ತಿದ್ದರೆ ನನ್ನ ನಾಲಿಗೆ ಒಣಗುತ್ತದೆ. ಬರೆದರೆ ಆ ತೊಂದರೆ ಇಲ್ಲ.

ಅದು ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೊಯ್ಗೆ ಮೇಲೆ, ಕಡಲ ಮರಳಿನ ಮೇಲೆ, ಓಡಿಸಲಿಕ್ಕೆ ಯಾರೋ ತಂದಿದ್ದ ಬಗ್ಗಿ. ಅಗಲ ಟಯರು, ಮೇಲೆ ಪೈಪಿನ ಗೂಡು. ಅವರು ಆ ಕೆಲಸ ಬಿಟ್ಟಾಗ ನಿಮ್ಮ ಅಜ್ಜ ಅದನ್ನು ಮನೆಗೆ ತಂದರು. ಹಿಂದಿನ ಸೀಟು ಕಿತ್ತು, ಕಬ್ಬಿಣದ ಚೌಕಟ್ಟು ಕೂರಿಸಿ, ಮೀನಿನ ಕ್ರೇಟು ಇಡುವ ಹಾಗೆ ಮಾಡಿಸಿದರು. ನಮ್ಮ ಕಡಲತಡಿಯಲ್ಲಿ ಬಲೆ ಎಳೆಯುವ ಜಾಗದಿಂದ ಐಸ್ ಟೆಂಪೊ ನಿಲ್ಲುವ ಡಾಂಬರು ರಸ್ತೆಗೆ ದಾರಿಯೇ ಇಲ್ಲವಲ್ಲ, ನೀವೇ ನೋಡಿದ್ದೀರಿ. ಹೆಜ್ಜೆ ಇಟ್ಟರೆ ಪಾದ ಹೂತುಹೋಗುವ ಹೊಯ್ಗೆ, ನಡುವೆ ಒಂದು ದಿಬ್ಬ. ಮೊದಲು ನಾವು ಹೆಂಗಸರೇ ತಲೆ ಮೇಲೆ ಬುಟ್ಟಿ ಹೊತ್ತು ಆ ದಿಬ್ಬ ದಾಟಿಸುತ್ತಿದ್ದೆವು. ಗಾಡಿ ಬಂದ ಮೇಲೆ ಬುಟ್ಟಿಯಿಂದ ಕ್ರೇಟಿಗೆ ತುಂಬುವುದು, ಎತ್ತಿ ಇಡುವುದು, ರಸ್ತೆಯಲ್ಲಿ ಇಳಿಸುವುದು ಹೆಂಗಸರ ಕೆಲಸ. ದಿಬ್ಬ ಏರುವುದು ಗಾಡಿಯ ಕೆಲಸ. ಅಜ್ಜ ಹೋದ ಮೇಲೆ ಓಡಿಸುವವರಿಲ್ಲದೆ ನಾನೇ ಕಲಿತೆ. ಸೀರೆಯ ಸೆರಗು ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಓಡಿಸುತ್ತಿದ್ದೆ.

ಆ ವರ್ಷ ಮಳೆ ಸ್ವಲ್ಪ ಹೊಳವಾದಾಗ ಚಪ್ಪರದ ತಾಡಪತ್ರಿ ಸರಿಸಿ ಗಾಡಿ ಸ್ಟಾರ್ಟ್ ಮಾಡಲಿಕ್ಕೆ ಹೋದೆ. ಟಕ್.

ಮೊದಲು ಓಡಿ ಬಂದವನು ನನ್ನ ಮೈದುನ, ನಿಮ್ಮ ಸಣ್ಣಜ್ಜ. ಆಚೆ ಮನೆಯಲ್ಲೇ ಇರುವವನು.

"ಎಂತ ಆತು ಅತ್ತಿಗೆ?"

"ಗೊತ್ತಿಲ್ಲ ತಮಾ. ಬರೀ ಟಕ್ ಅಂತದೆ."

ಅವನು ಗಾಡಿಗೆ ಕಿವಿ ಕೊಟ್ಟು ನಿಂತು, "ಬ್ಯಾಟ್ರಿ. ಕೂತಲ್ಲೇ ಕೂತು ಸತ್ತಿದೆ" ಅಂದ. "ದೂಡಿ ಸ್ಟಾರ್ಟ್ ಮಾಡುವ."

ಅವನು ಕರೆದದ್ದೇ ತಡ, ಮಳೆಗಾಲದಲ್ಲಿ ಕೆಲಸವಿಲ್ಲದೆ ಬಲೆ ಹೆಣೆಯುತ್ತ ಕೂತಿದ್ದ ಗಂಡಸರೆಲ್ಲ ಬಂದರು. ದೋಣಿ ದೂಡುವಾಗ ಹಾಕುವ ಕೂಗನ್ನೇ ಹಾಕುತ್ತ ಒದ್ದೆ ಹೊಯ್ಗೆ ಮೇಲೆ ಗಾಡಿಯನ್ನು ಆ ತುದಿಗೆ ದೂಡಿದರು, ಈ ತುದಿಗೆ ದೂಡಿದರು. ಈ ಗಾಡಿಯ ಚಕ್ರಕ್ಕೂ ಎಂಜಿನಿಗೂ ನಡುವೆ ಸ್ಕೂಟರಿನಲ್ಲಿ ಇರುವಂಥ ಬೆಲ್ಟು. ಎಂಜಿನ್ ಓಡಿದರೆ ಮಾತ್ರ ಆ ಬೆಲ್ಟು ಹಿಡಿಯುತ್ತದೆ, ಚಕ್ರ ಎಷ್ಟೇ ತಿರುಗಿದರೂ ಎಂಜಿನ್ ತಿರುಗುವುದಿಲ್ಲ. ಅಜ್ಜ ಅದನ್ನು ನನಗೆ ಹೇಳಿಕೊಟ್ಟಿದ್ದರು. ಆದರೆ ಅಷ್ಟು ಗಂಡಸರ ನಡುವೆ ಹೋಗಿ ಅದನ್ನು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ನಾದಿನಿಗೆ ಹೇಳಿದೆ. ಅವಳು ಬುಟ್ಟಿ ಹೆಂಗಸರಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿಯವಳು. ಸೊಂಟ ಹಿಡಿದುಕೊಂಡ ಮೇಲೆ ಬುಟ್ಟಿ ಹೊರುವುದು ಬಿಟ್ಟು, ಗಾಡಿಯ ಹಿಂದೆ ಕೂತು ಕ್ರೇಟು ಹಿಡಿದುಕೊಳ್ಳುತ್ತಿದ್ದಳು.

"ಹ್ವಾಯ್!" ಅಂತ ಕೂಗಿದಳು ಅವಳು. "ಅದು ದೂಡಿದ್ರೆ ಸ್ಟಾರ್ಟ್ ಆಗೂ ಗಾಡಿ ಅಲ್ವಂತೆ. ಅಷ್ಟು ಜೋರಿದ್ರೆ ಅದನ್ನ ಭಟ್ಕಳದ ವರೆಗೆ ದೂಡ್ಕಂಡು ಹೋಗಿ, ಅಲ್ಲೇ ರಿಪೇರಿ ಮಾಡಿಸ್ವ!"

ಗಂಡಸರು ನಗುತ್ತ, ಬೈಯುತ್ತ ವಾಪಸ್ ಹೋದರು.

ಬ್ಯಾಟರಿ ಬಿಚ್ಚಿ ಕುಮಟೆಗೆ ಒಯ್ದೆ. ಅಂಗಡಿಯವರು ಚಾರ್ಜಿಗೆ ಹಾಕಿ, ಮೀಟರು ಇಟ್ಟು ನೋಡಿ, ಬ್ಯಾಟರಿ ಗಟ್ಟಿಯಾಗಿದೆ ಅಂದರು. ತಂದು ಕೂರಿಸಿದೆ. ಬಟನ್ ಒತ್ತಿದಾಗ ಮೋಟರು ನಿದ್ದೆಯಿಂದ ಎದ್ದವರ ಹಾಗೆ ನಿಧಾನ ತಿರುಗಿ, ಇನ್ನೇನು ನಿಂತೇಹೋಯಿತು ಅನ್ನುವಷ್ಟರಲ್ಲಿ ಎಂಜಿನ್ ಹತ್ತಿತು. ನಾದಿನಿ ಕಡಲತಡಿ ಪೂರ್ತಿ ಸಾರಿಬಂದಳು. ಮೈದುನನ ಖುಷಿ ಕೇಳುವುದೇ ಬೇಡ. ಗಾಡಿ ಸರಿಯಾದ್ದಕ್ಕೆ ಅವನು ಅದೇ ಸಂಜೆ ಇನ್ನೊಂದು ಕೈ ಎಣ್ಣೆ ಕೊಟ್ಟ.

ಎಣ್ಣೆ ಕೊಡುವುದು ಅಂದರೆ ಎಂಥದು ಅಂತ ನಿಮಗೆ ಹೇಳಬೇಕು. ಮಳೆಗಾಲಕ್ಕೆ ದೋಣಿಯನ್ನು ಮೇಲೆ ಎಳೆದ ಮೇಲೆ ಮೀನೆಣ್ಣೆಗೆ ರಾಳ ಹಾಕಿ ಕಾಸಿ, ಬಟ್ಟೆಯ ಉಂಡೆಯಿಂದ ಹಲಗೆಗೆಲ್ಲ ಹಚ್ಚುತ್ತೇವೆ. ಒಣಗಿದರೆ ಅದು ಹಳದಿ ಬಣ್ಣದ ಗಟ್ಟಿ ಚರ್ಮದ ಹಾಗೆ ಕೂತುಬಿಡುತ್ತದೆ, ಉಪ್ಪುನೀರು ಒಳಗೆ ಹೋಗುವುದಿಲ್ಲ. ನಮ್ಮಲ್ಲಿ ಹಲಗೆಗೆ ಮಾತ್ರ ಅಲ್ಲ, ಲಂಗರಿಗೆ, ಸರಪಳಿಗೆ, ಸೈಕಲ್ಲಿನ ರಿಮ್ಮಿಗೆ, ಕಿಟಕಿಯ ಸರಳಿಗೂ ಹಚ್ಚುತ್ತಾರೆ. ಕಡಲ ಬದಿಯಲ್ಲಿ ಕಬ್ಬಿಣವನ್ನು ಬೋಳಾಗಿ ಬಿಟ್ಟವರನ್ನು ಸೋಮಾರಿ ಅನ್ನುತ್ತಾರೆ. ಪ್ರತಿ ವರ್ಷ ಅಜ್ಜ ಮತ್ತು ಸಣ್ಣಜ್ಜ ಇಬ್ಬರೂ ಸೇರಿ ದೋಣಿಗೆ ಎಣ್ಣೆ ಕೊಡುತ್ತಿದ್ದರು. ಗಾಡಿಗೆ ಅಜ್ಜ ಮೇಲೆ ಮೇಲೆ ಕೈ ಆಡಿಸುತ್ತಿದ್ದರಷ್ಟೇ. ಆ ವರ್ಷ, ಅಜ್ಜ ಇಲ್ಲದ ಮೊದಲ ಮಳೆಗಾಲಕ್ಕೆ, ಅಣ್ಣನ ಗಾಡಿ ಅಂತ ಮೈದುನ ಮಳೆ ಹಿಡಿಯುವ ಮೊದಲೇ ಬಹಳ ಚೆನ್ನಾಗಿ ಕೊಟ್ಟಿದ್ದ. ಬೋಲ್ಟು ಸಡಿಲಿಸಿ, ಪಟ್ಟಿ ಎತ್ತಿ, ಕೈ ಹೋಗದ ಸಂದಿಗೂ ಕಡ್ಡಿಯಿಂದ ಬಿಟ್ಟು, ಮತ್ತೆ ಬಿಗಿದಿದ್ದ. ನೋಡಿ ನನಗೆ ಕಣ್ಣು ತುಂಬಿತ್ತು.

ಮಾರನೇ ದಿನ ಮತ್ತೆ ಟಕ್.

ಆಮೇಲೆ ಶುರುವಾಯಿತು ನೋಡಿ. ಯಾರು ಬಂದರೂ ಒಂದೊಂದು ಹೇಳುವವರೇ. ಫ್ಯೂಸು ಅಂದರು, ನೋಡಿದೆ, ಸರಿಯಿತ್ತು. ಬ್ರೇಕಿನ ಸ್ವಿಚ್ಚು ಅಂದರು. ಈ ಗಾಡಿಯಲ್ಲಿ ಬ್ರೇಕ್ ತುಳಿದರೆ ಮಾತ್ರ ಸೆಲ್ಫ್ ಹೊಡೆಯುವ ಹಾಗೆ ಒಂದು ಸಣ್ಣ ಸ್ವಿಚ್ಚು ಪೆಡಲಿನ ಹತ್ತಿರ ಇದೆ. ಅದನ್ನು ಬಿಚ್ಚಿದರೆ ಒಳಗೆ ಹೊಯ್ಗೆ ತುಂಬಿತ್ತು. ತೊಳೆದು, ಒರೆಸಿ, ಬಿಸಿಲಿಗಿಟ್ಟು ಕೂರಿಸಿದೆ. ಟಕ್. ಆ ಟಕ್ ಸದ್ದು ರಿಲೇಯದ್ದು ಅಂತ ಆಗ ಗೊತ್ತಾಯಿತು. ಬಟನಿನ ಸಣ್ಣ ಕರೆಂಟು ಬಂದು ರಿಲೇಯನ್ನು ಎಳೆಯುತ್ತದೆ, ರಿಲೇ ಬ್ಯಾಟರಿಯ ದೊಡ್ಡ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಟಕ್ ಅಂದರೆ ಸ್ವಿಚ್ಚು, ಬಟನ್ನು ಎಲ್ಲ ಸರಿ. ಮುಂದಿನದ್ದು ಏನೋ ತಪ್ಪಿದೆ. ಮೈದುನ ಸ್ಕ್ರೂಡ್ರೈವರಿನಿಂದ ರಿಲೇಯ ಎರಡು ದೊಡ್ಡ ಬೋಲ್ಟನ್ನು ಸೇರಿಸಿ ನೋಡಿದ. ಒಂದು ಕೆಂಪು ಕಿಡಿ ಪುಸ್ ಅಂತು, ಮೋಟರು ಅಲುಗಲಿಲ್ಲ.

"ಹಾಗಾದ್ರೆ ಮೋಟರೇ ಹೋಗಿದೆ" ಅಂದ. "ಥಂಡಿ ಹೊಕ್ಕಿದೆ ಇದಕ್ಕೆ." ಅನ್ನುತ್ತ ಎಣ್ಣೆಯ ಡಬ್ಬಿ ತರಲಿಕ್ಕೆ ಹೋದ.

ಇಷ್ಟರಲ್ಲಿ ತಾಂಡೇಲರು ಬಂದರು. ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ಕೈರಂಪಣಿ ಬಲೆಯ ಯಜಮಾನರು ಅವರು. ಬಲೆ ಯಾವತ್ತು ಬಿಡಬೇಕು, ಯಾರು ಹಗ್ಗ ಹಿಡಿಯಬೇಕು, ಮೀನು ಯಾರು ಸಾಗಿಸಬೇಕು, ಎಲ್ಲ ಅವರ ಮಾತಿನ ಮೇಲೆ. ಕೆಟ್ಟವರಲ್ಲ. ಮಾತು ಕಡಿಮೆ.

"ತಂಗೀ, ಗಾಡಿ ಎಂತ ಹೇಳ್ತದೆ?"

ನಾನು ತಲೆ ತಗ್ಗಿಸಿದೆ. ನಾದಿನಿಯೇ ಹೇಳಿದಳು, "ಟಕ್ ಹೇಳ್ತದೆ ತಾಂಡೇಲರೇ."

ಅವರು ನಗಲಿಲ್ಲ. "ಒಂದಿನ ಹತ್ತೂದು, ಒಂದಿನ ಇಲ್ಲ. ಹಾಗಾದ್ರೆ ಮೀನು ಬಿಸಿಲಿಗೆ ಕೂತ್ಕಂಡು ಹಾಳಾತದೆ. ಪಕ್ಕದೂರಿನ ಟ್ರ್ಯಾಕ್ಟರಿನವ ಬಂದು ಕೇಳ್ತಾ ಇದ್ದ. ಪೂಜೆ ಮಾಡಿ ಕಡಲಿಗೆ ತೆಂಗಿನಕಾಯಿ ಬಿಟ್ಟ ಮಾರನೇ ದಿನ ಬಲೆ ಇಳೀತದೆ. ಅವತ್ತು ನಿನ್ನ ಗಾಡಿ ಹೊಯ್ಗೆ ಮೇಲೆ ಇದ್ರೆ ನಿಂದು. ಇಲ್ದಿದ್ರೆ ಅವಂಗೆ ಹೂಂ ಹೇಳ್ತೆ."

ಟ್ರ್ಯಾಕ್ಟರಿನವನು ತನ್ನದೇ ಆಳು ತರುವವನು. ಅವನು ಬಂದರೆ ಗಾಡಿಯೊಂದೇ ಅಲ್ಲ, ಬುಟ್ಟಿ ಹೆಂಗಸರಿಗೆಲ್ಲ ಕೆಲಸವಿಲ್ಲ. ಒಮ್ಮೆ ಅವನ ಕೈಗೆ ಹೋದರೆ ಮರುವರ್ಷ ವಾಪಸ್ ಬರುವುದೂ ಇಲ್ಲ. ಆ ಹೆಂಗಸರಲ್ಲಿ ಗಂಡ ಇಲ್ಲದವರಿದ್ದರು, ಗಂಡ ಇದ್ದೂ ಇಲ್ಲದ ಹಾಗೆ ಇದ್ದವರಿದ್ದರು. ತಾಂಡೇಲರು ಹೋದ ಮೇಲೆ ಒಬ್ಬೊಬ್ಬರೇ ಚಪ್ಪರಕ್ಕೆ ಬಂದು, ಏನೂ ಕೇಳದೆ, ಗಾಡಿಯ ಸುತ್ತ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಕೇಳಿದ್ದರೆ ವಾಸಿಯಿತ್ತು. ಕೂತಲ್ಲೇ ಸುಸ್ತಾಗುತ್ತಿತ್ತು ನನಗೆ. ಅನ್ನ ಕಲಸಿ ತಟ್ಟೆ ಮುಂದೆಯೇ ಕೂತಿರುತ್ತಿದ್ದೆ.

ಮೋಟರು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಪಕ್ಕದವಳು ಮೂಗಿಗೆ ಸೆರಗು ಹಿಡಿದು ಎದ್ದು ಹಿಂದಿನ ಸೀಟಿಗೆ ಹೋದಳು.

"ಅಮ್ಮಾ, ಮೀನಿದ್ರೆ ಕೆಳಗಿಡಿ" ಅಂದ ಕಂಡಕ್ಟರು.

"ಮೀನಲ್ಲ. ಮೋಟರು."

"ಮೋಟರು ಇಷ್ಟು ವಾಸ್ನೆ ಬತ್ತದಾ?" ಬಸ್ಸಿನವರೆಲ್ಲ ತಿರುಗಿ ನೋಡಿದರು. ಭಟ್ಕಳ ಬರುವ ತನಕ ನಾನು ಕಿಟಕಿಯ ಹೊರಗೇ ನೋಡುತ್ತ ಕೂತೆ.

ಅಲ್ಲಿ ಆಟೊ ರಿಕ್ಷಾಗಳ ವೈರಿಂಗ್ ಮಾಡುವ ಎಲೆಕ್ಟ್ರಿಶಿಯನ್ ಒಬ್ಬರ ಅಂಗಡಿಗೆ ಹೋದೆ. ಬಿಳಿ ಗಡ್ಡ, ಮನೆಮಾತು ನವಾಯತಿ. ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದರು. ಮೋಟರನ್ನು ಮೇಜಿಗೆ ಬಿಗಿದ ಇಕ್ಕಳಕ್ಕೆ ಸಿಕ್ಕಿಸಿ, ಮೂಗು ಹತ್ತಿರ ಒಯ್ದು ಹಿಂದೆ ಸರಿದು, "ಎಂತಮ್ಮಾ, ಇದನ್ನ ಹುರಿದು ತಂದ್ರಾ?" ಅಂದರು. ಮೋಟರಿನ ಮೈಯನ್ನು ಒಂದು ಕಡೆ ಪಾಲಿಶ್ ಪೇಪರಿನಿಂದ ಉಜ್ಜಿ, ಮೈನಸ್ ವೈರು ಅಲ್ಲಿ ಹಿಡಿದು, ಪ್ಲಸ್ ವೈರು ಬೋಲ್ಟಿಗೆ ಮುಟ್ಟಿಸಿದರು. ಮೋಟರು ಗುರ್‍ರ್ ಅಂತ ಮೇಜು ನಡುಗುವ ಹಾಗೆ ತಿರುಗಿತು.

"ಮೋಟರಿಗೆ ಎಂತ ಆಗ್ಲಿಲ್ಲ ಅಮ್ಮ. ರೋಗ ಮನೆಯಲ್ಲೇ ಬಿಟ್ಟು ಬಂದಿದ್ದೀರಿ."

"ಹಾಗಾದ್ರೆ ಗಾಡಿಯೇ ತರಬೇಕಾ?"

"ತಂದ್ರೆ ನೋಡ್ತೇನೆ. ಆದ್ರೆ ಗಾಡಿ ತರೂದು ಸುಲಭ ಅಲ್ವಲ್ಲ." ಅವರು ಪಕ್ಕದ ಡಬ್ಬಿಯಲ್ಲಿ ಕೈಯಾಡಿಸಿದರು. ಆಮೇಲೆ ಒಂದು ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ಉದ್ದ ವೈರು ಬೆಸೆದು ಕೊಟ್ಟರು. "ಬ್ಯಾಟರಿಯಿಂದ ಶುರು ಮಾಡಿ. ವೈರು ಹಿಡ್ಕೊಂಡು ನಡೀರಿ. ಎಲ್ಲಿ ಬಿಸಿ, ಎಲ್ಲಿ ಸಡಿಲ, ಕೈಗೆ ಗೊತ್ತಾಗ್ತದೆ. ಗೊತ್ತಾಗದಿದ್ರೆ ಫೋನ್ ಮಾಡಿ."

ಮನೆಗೆ ಬಂದು ಮೋಟರು ಕೂರಿಸಿದೆವು. ಟಕ್. ಮೈದುನ ಚಪ್ಪರದ ಕಂಬಕ್ಕೆ ಒರಗಿ ಕೂತುಬಿಟ್ಟ. ನಾಳೆಯೇ ಕುಮಟೆಗೆ ಹೋಗಿ ಹೊಸ ಮೋಟರು ತರುತ್ತೇನೆ, ಹೊಸ ರಿಲೇಯನ್ನೂ ತರುತ್ತೇನೆ ಅಂದ. ಅಂಗಡಿಯವರ ಹತ್ತಿರ ಮಾತೂ ಆಡಿ ಆಗಿತ್ತಂತೆ. ಅವನ ಮುಖ ನೋಡಿದರೆ ಬೇಡ ಅನ್ನಲಿಕ್ಕೆ ಮನಸ್ಸು ಬರುತ್ತಿರಲಿಲ್ಲ. ಹೂಂ ಅಂದರೆ ನಾನು ಸುಮ್ಮನೆ ಮಲಗಬಹುದಿತ್ತು. ಆದರೆ ಮೇಜು ನಡುಗುವ ಹಾಗೆ ತಿರುಗಿದ ಮೋಟರನ್ನು ನಾನು ಕಣ್ಣಾರೆ ನೋಡಿದ್ದೆ. ಇದೇ ಕೆಲಸ ಮಾಡದ ಜಾಗದಲ್ಲಿ ಹೊಸದು ಹೇಗೆ ಮಾಡುತ್ತದೆ?

"ಬೇಡ ತಮಾ. ಹೊಸದು ಎಂತದೂ ಬೇಡ" ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು. "ನಾಳೆ ನೀ ಕುಮಟೆಗೆ ಹೋಗೂದು ಬೇಡ. ನಂಗೆ ಬಟನ್ ಒತ್ತಿ ಕೊಡು."

ಮಾರನೇ ದಿನ ಬೆಳಿಗ್ಗೆ ಅವನನ್ನು ಸೀಟಿನಲ್ಲಿ ಕೂರಿಸಿದೆ. ಅವನು ಬ್ರೇಕ್ ತುಳಿದು ಬಟನ್ ಒತ್ತುವುದು, ನಾನು ವೈರು ಹಿಡಿದುಕೊಂಡು ನಡೆಯುವುದು. ಬ್ಯಾಟರಿಯ ಪ್ಲಸ್ಸಿನಿಂದ ರಿಲೇಗೆ ಹೋಗುವ ದಪ್ಪ ವೈರು ತಣ್ಣಗಿತ್ತು. ರಿಲೇಯಿಂದ ಮೋಟರಿನದ್ದೂ ತಣ್ಣಗೆ. ಮೈನಸ್ಸಿನಿಂದ ಎರಡು ವೈರು ಹೊರಡುತ್ತವೆ. ಬೆರಳು ದಪ್ಪದ ಕಪ್ಪು ವೈರೊಂದು ಚಾಸಿಯ ಬೋಲ್ಟಿಗೆ, ಅದೇ ಬೋಲ್ಟಿನಿಂದ ಇನ್ನೊಂದು ಪಟ್ಟಿ ಎಂಜಿನಿಗೆ. ಮತ್ತೊಂದು ಬತ್ತಿಯಷ್ಟು ಸಣ್ಣ ಕಪ್ಪು ವೈರು ಬೇರೆ ವೈರುಗಳ ಗೊಂಚಲಿನೊಳಗೆ ನುಸುಳಿ ಎಂಜಿನಿನ ಕಡೆಗೇ ಹೋಗುತ್ತದೆ. ದಪ್ಪ ವೈರು ಮುಟ್ಟಿದೆ, ತಣ್ಣಗೆ. ಸಣ್ಣದನ್ನು ಮುಟ್ಟಿದವಳು ಕೈ ಹಿಂದಕ್ಕೆ ಎಳೆದುಕೊಂಡೆ. ಚಾದ ಲೋಟದಷ್ಟು ಬಿಸಿ. ಒಂದು ಕಡೆ ಮೇಲಿನ ರಬ್ಬರು ಮೆತ್ತಗಾಗಿ ಹೊಳೆಯುತ್ತಿತ್ತು.

ಫೋನ್ ಮಾಡಿದೆ. ನಾಚಿಕೆ ಅಂತ ನೋಡುತ್ತ ಕೂರುವ ಕಾಲ ಅದಾಗಿರಲಿಲ್ಲ.

"ಸಣ್ಣ ವೈರು ಬಿಸಿ, ದಪ್ಪ ವೈರು ತಣ್ಣಗೆ. ಹೌದಾ?" ಎಲೆಕ್ಟ್ರಿಶಿಯನ್ ಎರಡು ಸಲ ಕೇಳಿದರು. "ಅಮ್ಮ, ಕರೆಂಟು ಮೋಟರಿಗೆ ಹೋದ್ರೆ ಸಾಕಾಗೂದಿಲ್ಲ, ಬ್ಯಾಟರಿಗೆ ವಾಪಸ್ ಬರ್ಬೇಕು. ವಾಪಸ್ ಬರೂ ದೊಡ್ಡ ದಾರಿ ಎಲ್ಲೋ ಮುಚ್ಚಿದೆ, ಅದಕ್ಕೆ ಸಣ್ಣ ದಾರಿಯಲ್ಲಿ ನುಗ್ತಾ ಇದೆ. ಬಲ್ಬಿನ ಒಂದು ವೈರು ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನಿನ ಮೈಗೆ ಹಿಡೀರಿ. ಸೆಲ್ಫ್ ಹೊಡೀರಿ. ಆ ವಾಪಸ್ ದಾರಿ, ಅಂದ್ರೆ ಅರ್ತ್, ಸರಿಯಿದ್ರೆ ಬಲ್ಬ್ ಹತ್ತಬಾರದು. ಹತ್ತಿದ್ರೆ ಅರ್ತ್ ಹೋಗಿದೆ."

ಹಿಡಿದೆ. ಮೈದುನ ಬಟನ್ ಒತ್ತಿದ. ಬಲ್ಬ್ ಹತ್ತಲಿಲ್ಲ.

"ಹತ್ತಲಿಲ್ಲ" ಅಂದೆ ಫೋನಿನಲ್ಲಿ.

"ಹಾಗಾದ್ರೆ ಅರ್ತ್ ಸರಿ ಇದೆ. ಆಗ ನಂಗೂ ಗೊತ್ತಾಗೂದಿಲ್ಲ ಅಮ್ಮ. ಗಾಡಿ ತರ್ಬೇಕಾಗ್ತದೆ."

ಫೋನ್ ಇಟ್ಟು ಗಾಡಿಯ ಪಕ್ಕ ನೆಲದ ಮೇಲೆ ಕೂತೆ. ಗಾಡಿಯನ್ನು ಭಟ್ಕಳಕ್ಕೆ ಸಾಗಿಸಿ, ಅವರು ನೋಡಿ, ವಾಪಸ್ ತರುವಷ್ಟರಲ್ಲಿ ಬಲೆ ಇಳಿದೇ ಹೋಗಿರುತ್ತದೆ. ಮೈದುನ ಸೀಟಿನಿಂದ ಇಳಿಯಲಿಲ್ಲ. ಬಲ್ಬಿನ ವೈರು ನನ್ನ ಕೈಯಲ್ಲೇ ಇತ್ತು. ಬಲ್ಬೇ ಸತ್ತಿದ್ದರೆ? ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ಇಟ್ಟು ನೋಡಿದೆ. ಚೆನ್ನಾಗಿ ಹತ್ತಿತು. ಮೈನಸ್ಸಿನದನ್ನು ತೆಗೆದು ಎಂಜಿನಿನ ಮೈಗೆ ಇಟ್ಟೆ. ಅರ್ತ್ ಸರಿಯಿದ್ದರೆ ಈಗಲೂ ಹತ್ತಬೇಕಲ್ಲ? ಹತ್ತಲಿಲ್ಲ. ಇದು ಹೇಗೆ? ಅದೂ ಇಲ್ಲ, ಇದೂ ಇಲ್ಲ. ವೈರಿನ ತುದಿಯನ್ನು ಎಂಜಿನಿಗೆ ಒತ್ತಿ ಒತ್ತಿ ಸವರಿದೆ. ತುದಿ ಜಾರುತ್ತಿತ್ತು. ಉಗುರಿನಿಂದ ಕೆರೆದೆ. ಉಗುರಿನೊಳಗೆ ಹಳದಿ ಸಿಪ್ಪೆ ಸುರುಳಿಯಾಗಿ ಬಂತು. ನಾನು ಇಷ್ಟು ಹೊತ್ತು ಮುಟ್ಟುತ್ತಿದ್ದದ್ದು ಎಂಜಿನನ್ನಲ್ಲ, ಎಣ್ಣೆಯನ್ನು.

ಒಳಗೆ ಹೋಗಿ ಮೀನು ಕೊಯ್ಯುವ ಚೂರಿ ತಂದೆ. ಎಂಜಿನಿನ ಮೇಲೆ ಒಂದು ಜಾಗವನ್ನು ಬೆಳ್ಳಗೆ ಕಾಣುವ ತನಕ ಹೆರೆದೆ. ಮೈದುನನನ್ನು ಕರೆದೆ.

"ತಮಾ, ನೀ ಬಂದು ಬಲ್ಬು ಹಿಡಿ. ನಾ ಒತ್ತುತ್ತೆ."

ಮೊದಲು ಹೇಳಿದ ಹಾಗೆ ಒಂದು ತುದಿ ಮೈನಸ್ಸಿಗೆ, ಒಂದು ತುದಿ ಹೆರೆದ ಜಾಗಕ್ಕೆ. ನಾನು ಬಟನ್ ಒತ್ತಿದೆ. ಟಕ್ ಅಂತು. ಬಲ್ಬು ಝಗ್ ಅಂತ ಹತ್ತಿತು.

"ಹತ್ತಿತು! ಅತ್ತಿಗೆ, ಹತ್ತಿತು ನೋಡು!" ಅವನು ಆ ಬೆಳಕನ್ನು ಮುಖದ ಹತ್ತಿರವೇ ಹಿಡಿದುಕೊಂಡು ನಗುತ್ತಿದ್ದ. "ಕರೆಂಟು ಬತ್ತಾ ಇದೆ!"

ನಾನು ಸೀಟಿನಿಂದ ಇಳಿದೆ. "ಅದು ಹತ್ತಬಾರದಿತ್ತು ತಮಾ."

ಅವನಿಗೆ ಅರ್ಥವಾಗಲಿಲ್ಲ. ಪಾನಾ ಕೊಟ್ಟು, ದಪ್ಪ ಕಪ್ಪು ವೈರು ಚಾಸಿಗೆ ಸೇರುವ ಬೋಲ್ಟು ಬಿಚ್ಚು ಅಂದೆ. ಬಿಚ್ಚಿದ. ವೈರಿನ ತುದಿಯ ಬಳೆಯನ್ನು ಎತ್ತಿದರೆ ಅದು ಅಂಟಿಕೊಂಡಿದ್ದು, ಟಪ್ ಅಂತ ಬಿಟ್ಟುಕೊಂಡಿತು. ಕೆಳಗೆ ಚಾಸಿಯ ಮೇಲೆ, ಬಳೆಯ ಗುರುತು ಮೂಡಿಸಿಕೊಂಡು, ಹಳದಿ ಚರ್ಮ. ಬೋಲ್ಟಿನ ಹಲ್ಲಿನಲ್ಲೂ ಅದೇ. ಎಂಜಿನಿನ ಕಡೆಯ ಪಟ್ಟಿಯ ಅಡಿಯಲ್ಲೂ ಅದೇ. ನೀರು ಹೋಗದ ಹಾಗೆ ಕೊಟ್ಟ ಎಣ್ಣೆಯಲ್ಲಿ ಕರೆಂಟೂ ಹೋಗುತ್ತಿರಲಿಲ್ಲ. ಬ್ಯಾಟರಿ ಹೊಸದಾಗಿ ಚಾರ್ಜಾದ ದಿನ ಎಲ್ಲೋ ಒಂದು ಕೂದಲಷ್ಟು ಜಾಗ ಸಿಕ್ಕಿ ಗಾಡಿ ಹತ್ತಿತ್ತು. ಸಂಜೆಯ ಎಣ್ಣೆ ಅದನ್ನೂ ಮುಚ್ಚಿತು.

ಮೈದುನ ಬೋಲ್ಟನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಅಣ್ಣಂಗೆ ಆದ್ರೆ ಇಷ್ಟು ಹಚ್ಚೂದು ಬೇಡ ಅಂತ ಗೊತ್ತಿತ್ತು" ಅಂದ. "ಅವ ಮೇಲೆ ಮೇಲೆ ಹಚ್ಚುತ್ತಿದ್ದ. ನಾ ಉದಾಸೀನ ಅಂದ್ಕಂಡಿದ್ದೆ."

"ಅವರಿಗೂ ಗೊತ್ತಿರಲಿಲ್ಲ. ಬೋಲ್ಟು ಬಿಚ್ಚೂಕೆ ಅವರಿಗೆ ಬೇಜಾರು, ಅಷ್ಟೇ" ಅಂದೆ. ಅದು ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ.

ಹೆರೆಯಬೇಕು ಅಂದಾಗ ಮಾತ್ರ ಅವನು ಒಪ್ಪಲಿಲ್ಲ. "ಕಬ್ಬಿಣ ಬೋಳು ಬಿಡೂದಾ? ಕಡಲ ಬದೀಗೆ? ಒಂದೇ ವಾರಕ್ಕೆ ತಿಂದು ಹಾಕ್ತದೆ ಅತ್ತಿಗೆ." ಅವನು ಹೇಳಿದ್ದು ಸುಳ್ಳಲ್ಲ. ಮತ್ತೆ ಭಟ್ಕಳಕ್ಕೆ ಫೋನ್ ಮಾಡಿ, ಈ ಸಲ ಅವನ ಕೈಗೇ ಕೊಟ್ಟೆ. ಎಣ್ಣೆಯ ವಿಷಯ ಅವನೇ ಹೇಳಿದ. ಎಲೆಕ್ಟ್ರಿಶಿಯನ್ ನಕ್ಕದ್ದು ನನಗೂ ಕೇಳಿತು.

"ಅವತ್ತೇ ವಾಸನೆ ಬಂದಿತ್ತಲ್ಲ ಮಾರಾಯ್ರೆ! ನಾನೇ ಉಜ್ಜಿದೆ, ಆದ್ರೂ ತಲೆಗೆ ಹೋಗ್ಲಿಲ್ಲ. ಕೇಳಿ, ಮೊದ್ಲು ಕಬ್ಬಿಣಕ್ಕೆ ಕಬ್ಬಿಣ ಮುಟ್ಟಿ ಗಟ್ಟಿ ಬಿಗೀರಿ. ಆಮೇಲೆ ಮೇಲಿಂದ ನಿಮ್ಮ ಎಣ್ಣೆ ಎಷ್ಟು ಬೇಕಾದ್ರೂ ಕೊಡಿ. ಒಳಗೆ ಬೇಡ, ಹೊರಗೆ."

ಆ ಕೊನೆಯ ಮಾತು ಮೈದುನನಿಗೆ ಸಮಾಧಾನ ಕೊಟ್ಟಿತು. ಪಾಲಿಶ್ ಪೇಪರು ಹಿಡಿದು ಅವನೇ ಕೂತ. ಬಳೆ, ಬೋಲ್ಟು, ವಾಶರು, ಚಾಸಿ, ಎಂಜಿನ್, ಒಂದೊಂದನ್ನೂ ಹೆರೆದು ಬೆಳ್ಳಗೆ ಮಾಡಿದ. ನಾನು ಸಣ್ಣ ವೈರಿನ ಮೆತ್ತಗಾದ ತುಂಡು ಕತ್ತರಿಸಿ, ಬೇರೆ ತುಂಡು ಸೇರಿಸಿ ಟೇಪು ಸುತ್ತಿದೆ. ಬಲ್ಬಿಟ್ಟು ಬಟನ್ ಒತ್ತಿದಾಗ ಬಲ್ಬು ಕತ್ತಲೆಯಾಗಿಯೇ ಇತ್ತು, ಮತ್ತು ಮೋಟರು ಒಂದೇ ಏಟಿಗೆ ತಿರುಗಿ ಎಂಜಿನ್ ಹತ್ತಿತು. ನಾದಿನಿಗೆ ಈ ಸಲ ಯಾರಿಗೂ ಸಾರಬೇಡ ಅಂದೆ.

ಕಾಯಿ ಬಿಟ್ಟ ಮಾರನೇ ದಿನ ಗಾಡಿಯನ್ನು ಮನೆಯಲ್ಲೇ ಸ್ಟಾರ್ಟ್ ಮಾಡಿ ಹೊಯ್ಗೆ ಮೇಲೆ ತಂದು ನಿಲ್ಲಿಸಿದೆ. ಬಲೆ ಇನ್ನೂ ದೂರದಲ್ಲಿತ್ತು. ಎರಡೂ ಕಡೆಯ ಹಗ್ಗ ಹಿಡಿದು ಗಂಡಸರು ಎಳೆಯುತ್ತಿದ್ದರು. ಎಂಜಿನ್ ಬಂದ್ ಮಾಡಲಿಕ್ಕೆ ನನಗೆ ಧೈರ್ಯವಿರಲಿಲ್ಲ. ಬಂದ್ ಮಾಡಿದರೆ ಮತ್ತೆ ಹತ್ತದಿದ್ದರೆ ಅಂತ, ಬಲೆ ದಡಕ್ಕೆ ಬರುವ ತನಕ ಹಾಗೇ ಓಡಿಸುತ್ತ ಕೂತೆ. ದಿಬ್ಬದ ಮೇಲೆ ಟ್ರ್ಯಾಕ್ಟರಿನವನು ಬಂದು ನಿಂತಿದ್ದ. ತಾಂಡೇಲರೇ ಬರಹೇಳಿದ್ದರೋ ಏನೋ.

ತಾರ್ಲಿ ಮೀನು ಚೆನ್ನಾಗಿ ಬಿದ್ದಿತ್ತು. ಬಲೆಯ ಹೊಟ್ಟೆ ಬೆಳ್ಳಗೆ ಕುದಿಯುತ್ತಿತ್ತು. ಹೆಂಗಸರು ಬುಟ್ಟಿ ಹಿಡಿದು ಮುಂದೆ ಬಂದರು. ತಾಂಡೇಲರು ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿ, ನೀರಿನಿಂದ ಎದ್ದು ಸೀದಾ ಗಾಡಿಯ ಹತ್ತಿರ ಬಂದರು.

"ಬಂದ್ ಮಾಡು."

ನನಗೆ ಕೇಳಿಸಿತು. ಕೇಳಿಸದವಳ ಹಾಗೆ ಕೂತೆ.

"ಬಂದ್ ಮಾಡು ತಂಗೀ. ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡು, ಕಾಣುವ. ದಿಬ್ಬದ ನಡೂಗೆ ನಿಂತ್ರೆ ನಾ ಆಮೇಲೆ ಯಾರನ್ನ ಕರೀಲಿ?"

ನಾದಿನಿ ಬಾಯಿ ತೆರೆದಳು. ಮೈದುನ ಗಾಡಿಯ ಹಿಂದೆ ಬಂದು ಎರಡೂ ಕೈ ಚೌಕಟ್ಟಿನ ಮೇಲೆ ಇಟ್ಟು ನಿಂತ. ದೂಡಿದರೆ ಹತ್ತುವುದಿಲ್ಲ ಅಂತ ಗೊತ್ತಿದ್ದೂ ಹಾಗೆ ನಿಂತಿದ್ದ. ನಾನು ಕೀಲಿ ತಿರುಗಿಸಿದೆ. ಎಂಜಿನ್ ನಿಂತಿತು. ಬಲೆಯಲ್ಲಿ ಮೀನು ಒದ್ದಾಡುವ ಸದ್ದು ಮಾತ್ರ ಕೇಳುತ್ತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಬದುಕಿನಲ್ಲಿ ಯಾವುದಕ್ಕೆ ಹೆದರಿ ಓಡಾಡಿದ್ದೆನೋ ಅದೇ.

ಕೀಲಿ ಹಾಕಿದೆ. ಬ್ರೇಕ್ ತುಳಿದೆ. ಬಟನ್ ಒತ್ತಿದೆ.

ಹತ್ತಿತು. ಟಕ್ ಸದ್ದು ಕೇಳುವಷ್ಟು ಸಮಯವನ್ನೂ ಕೊಡದೆ ಹತ್ತಿತು.

ತಾಂಡೇಲರು ದಿಬ್ಬದ ಕಡೆ ತಿರುಗಿ, ಕೈ ಎತ್ತಿ, ಬೇಡ ಅಂತ ಟ್ರ್ಯಾಕ್ಟರಿನವನಿಗೆ ಸನ್ನೆ ಮಾಡಿದರು. ಆಮೇಲೆ ಬುಟ್ಟಿ ಹೆಂಗಸರಿಗೆ ಗದರಿದರು, "ಎಂತ ನೋಡ್ತ್ರಿ? ತುಂಬಿ!"

ಕ್ರೇಟುಗಳು ಒಂದರ ಮೇಲೊಂದು ಬಿದ್ದವು. ಒಂದು ಗ್ಲಾಸು ನೀರು ಕುಡಿಯಬೇಕು ಅನ್ನಿಸಿತು, ಅಲ್ಲೇ ಹೊಯ್ಗೆ ಮೇಲೆ ಮಲಗಬೇಕು ಅನ್ನಿಸಿತು. ಎಲ್ಲ ತುಂಬಿ ಆದರೂ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಎಂಜಿನ್ ಬರೀ ಕೂಗುತ್ತಿತ್ತು. ಮತ್ತೇನಾಯಿತಪ್ಪಾ ಅಂತ ಆಕ್ಸಿಲರೇಟರನ್ನು ಇನ್ನೂ ಜೋರಾಗಿ ತುಳಿದೆ.

ನಾದಿನಿ ಹಿಂದಿನಿಂದ ಬಗ್ಗಿ ನನ್ನ ಕಾಲು ನೋಡಿ, ಭುಜಕ್ಕೆ ಒಂದು ಕೊಟ್ಟಳು.

"ಅತ್ತಿಗೆ, ಇನ್ನಾದ್ರೂ ಬ್ರೇಕ್ ಬಿಡು ಮಾರಾಯ್ತಿ. ಹೋಗುವ."